ಎಲ್‌ಎಸ್‌ಡಿನಾ, ಲಾಕರ್ರಾ? ಮೊದಲು ನಿಮ್ಮ ಹಿಂದಿನ ಚಕ್ರ ನೋಡಿ

ಟ್ರಕ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹಿಂದಿನ ಆಕ್ಸಲ್‌ಗೆ ಒಂದು ಚಕ್ರ ಸುಮ್ನೆ ಜಾರೋದನ್ನು ಸ್ವಲ್ಪ ಮಟ್ಟಿಗೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಹಾಕಿಸಲಾ, ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟಿಹಾಕುವ ಲಾಕರ್ ಹಾಕಿಸಲಾ? ಒಬ್ಬರು ಲಾಕರ್ ಇಲ್ಲದಿದ್ದರೆ ಅದು ಟ್ರಕ್ಕೇ ಅಲ್ಲ ಅಂತಾರೆ. ಇನ್ನೊಬ್ಬರು ಲಾಕರ್ ಹಾಕಿಸಿದರೆ ಆಕ್ಸಲ್ ಮುರಿಯೋದು ಗ್ಯಾರಂಟಿ ಅಂತ ಹೆದರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದರೆ ಕೇಳಿದವನು ಮಾತ್ರ ಬಂದಷ್ಟೇ ಗೊಂದಲದಲ್ಲಿ ವಾಪಸ್ ಹೋಗುತ್ತಾನೆ.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಗಾಡಿ ಸಿಕ್ಕಿಹಾಕಿಕೊಂಡಾಗ ತಿರುಗುತ್ತಾ ನಿಲ್ಲುವ ಆ ಚಕ್ರ ನೆಲದ ಮೇಲೆ ಇರುತ್ತದಾ, ಗಾಳಿಯಲ್ಲಿ ಇರುತ್ತದಾ? ಇಷ್ಟು ಗೊತ್ತಾದರೆ ಮುಕ್ಕಾಲು ತೀರ್ಮಾನ ಆದಂತೆ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಗುಣಾಕಾರ ಬಂದರೆ ಸಾಕು.

ಮೊದಲು ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳ ನಡುವೆ ಕೂತಿರುವ ಆ ಗೇರುಗಳ ಗುಂಪು, ಯಾಕಿದೆ ಅಂತ ನೋಡೋಣ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಎಷ್ಟು ಜಾಸ್ತಿ? ಎರಡು ಹಿಂದಿನ ಚಕ್ರಗಳ ನಡುವಿನ ಅಂತರ 1.6 ಮೀಟರ್ ಅಂತ ಇಟ್ಟುಕೊಳ್ಳಿ. ಬಲಕ್ಕೋ ಎಡಕ್ಕೋ ಒಂದು 90 ಡಿಗ್ರಿ ತಿರುವು ತೆಗೆದುಕೊಂಡರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು ಎರಡೂವರೆ ಮೀಟರ್ ಜಾಸ್ತಿ ಓಡುತ್ತದೆ. ಮಜಾ ಏನೆಂದರೆ ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ ಎರಡೂವರೆ ಮೀಟರ್ ಬದಲಾಗಲ್ಲ. ದೊಡ್ಡ ತಿರುವಿನಲ್ಲಿ ಅದು ಉದ್ದಕ್ಕೂ ಹಂಚಿಹೋಗುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಒಂದೇ ಸಲ ಬರುತ್ತದೆ, ಅಷ್ಟೇ ವ್ಯತ್ಯಾಸ. 30 ಇಂಚಿನ ಟೈರ್ ಒಂದು ಸುತ್ತು ಹಾಕಿದರೆ ಹೋಗುವ ದೂರ 2.4 ಮೀಟರ್. ಅಂದರೆ ಪ್ರತಿ ಮೂಲೆಯಲ್ಲೂ ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚೂಕಡಿಮೆ ಒಂದು ಪೂರ್ತಿ ಸುತ್ತು ಜಾಸ್ತಿ ತಿರುಗಬೇಕು. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬೆಸೆದರೆ ಈ ಒಂದು ಸುತ್ತು ಎಲ್ಲಿಗೂ ಹೋಗಲ್ಲ. ಟೈರ್ ರಸ್ತೆಗೆ ಉಜ್ಜಿಕೊಂಡೇ ತೀರಬೇಕು.

ಇದಕ್ಕೆ ಗೇರುಗಳ ಉತ್ತರ ಬಂದು ಹತ್ತಿರ ಹತ್ತಿರ 200 ವರ್ಷ ಆಯಿತು. ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿ ತನ್ನ ಹಬೆ ಗಾಡಿಗೆ ಇದರ ಪೇಟೆಂಟ್ ತೆಗೆದುಕೊಂಡ. ಇವತ್ತಿನ ಮಾಮೂಲಿ ಓಪನ್ ಡಿಫರೆನ್ಷಿಯಲ್ ಒಳಗೂ ತತ್ವ ಅದೇ. ಎಂಜಿನ್ ಶಕ್ತಿಯಿಂದ ತಿರುಗುವ ದೊಡ್ಡ ಗೇರು, ಅಂದರೆ ಕ್ರೌನ್ ವೀಲ್, ಒಂದು ಕೇಸನ್ನು ತಿರುಗಿಸುತ್ತದೆ, ಕೇಸಿನೊಳಗಿನ ಸ್ಪೈಡರ್ ಗೇರುಗಳು ಎರಡೂ ಕಡೆಯ ಸೈಡ್ ಗೇರುಗಳನ್ನು ತಳ್ಳುತ್ತವೆ. ಸ್ಪೈಡರ್ ಗೇರು ತನ್ನ ಪಿನ್ನಿನ ಮೇಲೆ ಆರಾಮಾಗಿ ತಿರುಗುತ್ತದಲ್ಲ, ಹಾಗಾಗಿ ಅದು ಎರಡೂ ಕಡೆಗೆ ಸಮ ಸಮ ಒತ್ತುತ್ತದೆ. ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ಒತ್ತೋಕೆ ಅದಕ್ಕೆ ಬರಲ್ಲ.

ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಓಪನ್ ಡಿಫ್ ಟಾರ್ಕನ್ನೆಲ್ಲ (ತಿರುಗಿಸುವ ಬಲವನ್ನೆಲ್ಲ) ಜಾರುವ ಚಕ್ರಕ್ಕೆ ಕೊಟ್ಟುಬಿಡುತ್ತದೆ ಅಂತ ಹೇಳೋದು ಕೇಳಿರುತ್ತೀರಿ. ಹಾಗಲ್ಲ. ವೇಗವನ್ನು ಜಾರುವ ಚಕ್ರಕ್ಕೆ ಕೊಡುತ್ತದೆ, ಟಾರ್ಕ್ ಮಾತ್ರ ಯಾವಾಗಲೂ ಎರಡಕ್ಕೂ ಸಮ. ತೊಂದರೆ ಏನೆಂದರೆ, ಕೆಸರಿನಲ್ಲಿರುವ ಚಕ್ರ 200 ನ್ಯೂಟನ್ ಮೀಟರ್ ಮಾತ್ರ ತಡೆದುಕೊಳ್ಳುತ್ತದೆ ಅಂದರೆ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗೋದು ಅದೇ 200. ಒಟ್ಟು 400. ಆ ಗಟ್ಟಿ ನೆಲದ ಚಕ್ರ 1,500 ಬೇಕಾದರೂ ತೆಗೆದುಕೊಳ್ಳುತ್ತಿತ್ತು, ಆದರೆ ಕೊಡುವವರಿಲ್ಲ. ನೀವು ಆಕ್ಸಿಲರೇಟರ್ ಎಷ್ಟೇ ಒತ್ತಿ, ಬಡ ಚಕ್ರಕ್ಕೆ ಸಿಕ್ಕಷ್ಟೇ ಸಾಹುಕಾರ ಚಕ್ರಕ್ಕೂ.

ಈಗ ಲಿಮಿಟೆಡ್ ಸ್ಲಿಪ್. ಇದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬ. ಅದರಲ್ಲಿ ಟ್ರಕ್ಕಿನವರಿಗೆ ಮುಖ್ಯವಾದದ್ದು ಎರಡು. ಒಂದು ಕ್ಲಚ್ ಪ್ಲೇಟ್ ಬಗೆ, ಇನ್ನೊಂದು ಗೇರ್ ಬಗೆ. ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಬಗೆಯೂ ಇದೆ. ಅದು ಬಿಸಿಯಾಗಿ ಗಟ್ಟಿಯಾಗುವ ತನಕ ಕಾಯಬೇಕು, ಭಾರದ ಕೆಲಸಕ್ಕೆ ನಿಧಾನ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಕ್ಲಚ್ ಬಗೆಯಲ್ಲಿ ಸೈಡ್ ಗೇರುಗಳ ಹಿಂದೆ ತೆಳು ತೆಳು ಪ್ಲೇಟುಗಳ ಒಂದು ಕಟ್ಟು ಇರುತ್ತದೆ. ಒಂದು ಪ್ಲೇಟು ಕೇಸಿಗೆ ಕಚ್ಚಿರುತ್ತದೆ, ಅದರ ಪಕ್ಕದ್ದು ಆಕ್ಸಲ್ ಕಡೆಗೆ, ಮತ್ತೆ ಕೇಸಿಗೆ, ಹೀಗೆ. ನಡುವೆ ಸ್ಪ್ರಿಂಗು ಸದಾ ಒತ್ತಿ ಹಿಡಿದಿರುತ್ತದೆ. ಇದೇ ಪ್ರಿಲೋಡ್. ಟಾರ್ಕ್ ಬಂದಾಗ ಗೇರುಗಳು ಒಂದನ್ನೊಂದು ದೂರ ತಳ್ಳುತ್ತವಲ್ಲ, ಆ ಒತ್ತಡಕ್ಕೆ ಪ್ಲೇಟುಗಳು ಇನ್ನೂ ಬಿಗಿಯಾಗುತ್ತವೆ. ಒಂದು ಚಕ್ರ ಇನ್ನೊಂದನ್ನು ಬಿಟ್ಟು ಜೋರಾಗಿ ಓಡೋಕೆ ಹೋದರೆ ಈ ಉಜ್ಜಾಟ ತಡೆಯುತ್ತದೆ, ತಡೆದ ಬಲವನ್ನು ನಿಧಾನದ ಚಕ್ರಕ್ಕೆ ದಾಟಿಸುತ್ತದೆ. ಕೆಲಸ ಮಾಡೋದೇ ಉಜ್ಜಿಕೊಂಡು, ಹಾಗಾಗಿ ಸವೆಯೋದು ಅದರ ಹಣೆಬರಹ. ಹೊಸದರಲ್ಲಿ ಚೆನ್ನಾಗಿ ಹಿಡಿದದ್ದು ವರ್ಷಗಳು ಕಳೆದಂತೆ ಸದ್ದಿಲ್ಲದೆ ಓಪನ್ ಡಿಫ್ ಥರ ಆಗಿಬಿಡುತ್ತದೆ. ಹಳೇ ಟ್ರಕ್ ಕೊಂಡು, ಇದರಲ್ಲಿ ಎಲ್‌ಎಸ್‌ಡಿ ಇದೆ ಅಂತ ನಂಬಿ ಕೆಸರಿಗೆ ಇಳಿದವರಿಗೆ ಈ ಸತ್ಯ ಅಲ್ಲೇ ಗೊತ್ತಾಗುತ್ತದೆ.

ಗೇರ್ ಬಗೆಯಲ್ಲಿ ಪ್ಲೇಟುಗಳ ಕಟ್ಟು ಇಲ್ಲ. ಓರೆ ಹಲ್ಲಿನ ಗೇರುಗಳು ಜೋಡಿ ಜೋಡಿಯಾಗಿ ಕೂತಿರುತ್ತವೆ. ಟಾರ್ಕ್ ಬಂದ ತಕ್ಷಣ ಅವು ಕೇಸಿನ ಗೋಡೆಗೆ ಒತ್ತಿಕೊಂಡು ತಾವೇ ಬಿಗಿಯಾಗುತ್ತವೆ. ಟಾರ್ಸೆನ್, ಈಟನ್ ಟ್ರೂಟ್ರ್ಯಾಕ್ ಅಂತ ಕೇಳಿರುತ್ತೀರಲ್ಲ, ಅವು ಈ ಜಾತಿ. ಟಾರ್ಸೆನ್‌ನ ಮೂಲ ಪೇಟೆಂಟ್ 1958ರದ್ದು, ವರ್ನನ್ ಗ್ಲೀಸ್‌ಮನ್ ಅನ್ನುವವರದ್ದು. ಇದರಲ್ಲಿ ಸವೆಯುವ ಭಾಗ ಬಹಳ ಕಡಿಮೆ, ವಿಶೇಷ ಎಣ್ಣೆಯ ಗೋಜು ಸಾಮಾನ್ಯವಾಗಿ ಇಲ್ಲ, ತಿರುವಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಕೆಲಸ ಮಾಡುತ್ತದೆ. ರಸ್ತೆಯಲ್ಲೇ ಜಾಸ್ತಿ ಓಡುವ ಟ್ರಕ್ಕಿಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ.

ಈಗ ಆ ಗುಣಾಕಾರ. ಲಿಮಿಟೆಡ್ ಸ್ಲಿಪ್‌ಗೆ ಟಾರ್ಕ್ ಬಯಸ್ ರೇಷಿಯೋ ಅಂತ ಒಂದು ಅಂಕಿ ಇರುತ್ತದೆ. ಅದು 3 ಅಂತ ಇಟ್ಟುಕೊಳ್ಳಿ. ಬಡ ಚಕ್ರಕ್ಕೆ ಎಷ್ಟು ಸಿಗುತ್ತದೋ ಅದರ ಮೂರು ಪಟ್ಟಿನ ತನಕ ಒಳ್ಳೆ ಚಕ್ರಕ್ಕೆ ಕೊಡಬಹುದು ಅಂತ ಅರ್ಥ. ಮೇಲಿನ ಕೆಸರಿನ ಲೆಕ್ಕದಲ್ಲಿ 200 ಮತ್ತು 600, ಒಟ್ಟು 800. ಓಪನ್ ಡಿಫ್‌ನಲ್ಲಿ 400 ಇತ್ತು. ಬರೋಬ್ಬರಿ ಎರಡರಷ್ಟು. ಎಷ್ಟೋ ಸಲ ಗಾಡಿ ಈಚೆಗೆ ಬರೋಕೆ ಇಷ್ಟೇ ಸಾಕು.

ಆದರೆ ಅದೇ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡುತ್ತಿದ್ದರೆ? ಅದು ತಡೆದುಕೊಳ್ಳುವ ಟಾರ್ಕ್ ಸೊನ್ನೆ. ಸೊನ್ನೆಯ ಮೂರು ಪಟ್ಟು ಸೊನ್ನೆ. ರೇಷಿಯೋ 5 ಇದ್ದರೂ ಸೊನ್ನೆಯೇ. ಕ್ಲಚ್ ಬಗೆಯಲ್ಲಾದರೆ ಪ್ರಿಲೋಡ್ ಇರೋದರಿಂದ ಒಂದಿಷ್ಟು ದಾಟುತ್ತದೆ, ಸಪಾಟು ನೆಲದಲ್ಲಿ ಗಾಡಿ ಅಲುಗಾಡಬಹುದು, ಏರು ಹತ್ತೋಕೆ ಸಾಲಲ್ಲ. ಶುದ್ಧ ಗೇರ್ ಬಗೆಯದ್ದು ಇಲ್ಲಿ ಪೂರ್ತಿ ಕೈಚೆಲ್ಲುತ್ತದೆ.

ಇದಕ್ಕೊಂದು ಉಪಾಯ ಇದೆ, ಗೇರ್ ಬಗೆ ಇಟ್ಟುಕೊಂಡವರು ಕಲಿತಿರಲೇಬೇಕು. ಆಕ್ಸಿಲರೇಟರ್ ಸ್ವಲ್ಪ ಹಿಡಿದುಕೊಂಡೇ ಎಡಗಾಲಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ, ಅಥವಾ ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆಯಿರಿ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕಿನ ತಡೆ ಸಿಗುತ್ತದೆ. ಅದು 150 ಅಂದರೆ ಇನ್ನೊಂದು ಚಕ್ರಕ್ಕೆ 450 ಹೋಗುತ್ತದೆ. ಅಲ್ಲೂ ಅಷ್ಟೇ ಬ್ರೇಕ್ ಹಿಡಿದಿರುತ್ತದೆ, ಅದನ್ನು ಕಳೆದರೂ 300 ಉಳಿಯುತ್ತದೆ. ಓಪನ್ ಡಿಫ್‌ನಲ್ಲಿ ಇದನ್ನೇ ಮಾಡಿದರೆ ಎರಡೂ ಕಡೆ 150, ಬ್ರೇಕ್ ಕಳೆದರೆ ಉಳಿಯೋದು ಸೊನ್ನೆ. ಯಾರೋ ಓಪನ್ ಡಿಫ್ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಎಳೆದು ಸುಸ್ತಾಗಿದ್ದು ನೋಡಿದ್ದರೆ ಕಾರಣ ಇದೇ.

ಈಗಿನ ಗಾಡಿಗಳ ಬ್ರೇಕ್ ಟ್ರ್ಯಾಕ್ಷನ್ ಕಂಟ್ರೋಲ್ ಈ ಕೆಲಸವನ್ನು ಒಂದೇ ಚಕ್ರಕ್ಕೆ ಮಾಡುತ್ತದೆ, ಹಾಗಾಗಿ ಓಪನ್ ಡಿಫ್‌ನಲ್ಲೂ ಕೆಲಸ ನಡೆಯುತ್ತದೆ. ಜಾರುವ ಚಕ್ರವನ್ನು ಮಾತ್ರ ಹಿಡಿಯುತ್ತದೆ, ಇನ್ನೊಂದನ್ನು ಬಿಡುತ್ತದೆ. ಗೇರ್ ಬಗೆಯ ಎಲ್‌ಎಸ್‌ಡಿಗೂ ಇದಕ್ಕೂ ಒಳ್ಳೆ ಜೋಡಿ, ಏಕೆಂದರೆ ಬ್ರೇಕ್ ಹಾಕಿದ್ದಕ್ಕೆ ಮೂರು ಪಟ್ಟು ಫಲ. ಆದರೆ ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಚಕ್ರ ಮೊದಲು ಜಾರಬೇಕು, ಆಮೇಲೆ ಅದು ಎಚ್ಚರ ಆಗಬೇಕು. ಉದ್ದನೆಯ ಏರಿನಲ್ಲಿ ಬ್ರೇಕ್ ಕಾದು ವಾಸನೆ ಬರುತ್ತದೆ. ಮರಳಿನಲ್ಲಂತೂ ಅದು ವೇಗ ತಿಂದು ಗಾಡಿಯನ್ನು ಹೂತುಹಾಕುವುದೇ ಜಾಸ್ತಿ.

ಲಾಕರ್‌ನಲ್ಲಿ ಈ ಗುಣಾಕಾರ ಇಲ್ಲವೇ ಇಲ್ಲ. ಎರಡು ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಮಾತು ಮುಗಿಯಿತು. ಕೆಸರಿನ ಲೆಕ್ಕದಲ್ಲಿ 200 ಮತ್ತು 1,500. ಗಾಳಿಯ ಲೆಕ್ಕದಲ್ಲಿ 0 ಮತ್ತು 1,500. ಒಳ್ಳೆ ಚಕ್ರಕ್ಕೆ ಎಷ್ಟು ಹಿಡಿತ ಇದೆಯೋ ಅಷ್ಟೂ ನಿಮ್ಮದು. ಚಕ್ರ ಗಾಳಿಯಲ್ಲಿ ನಿಲ್ಲುವ ಜಾಗಕ್ಕೆ ಹೋಗುವವರು ಎಲ್‌ಎಸ್‌ಡಿಯ ಬಗ್ಗೆ ಓದುತ್ತಾ ಕೂರೋದು ಸುಮ್ನೆ ಟೈಮ್ ವೇಸ್ಟ್ ಅಂತ ನಾನು ಹೇಳೋದು ಇದಕ್ಕೇ.

ಲಾಕರ್‌ಗಳಲ್ಲೂ ಜಾತಿ ಇದೆ. ನಮಗೆ ಬೇಕಾದಾಗ ಸ್ವಿಚ್ ಒತ್ತಿ ಹಾಕುವುದು ಒಂದು, ತಾನೇ ತಾನಾಗಿ ಲಾಕ್ ಬೀಳುವುದು ಇನ್ನೊಂದು. ಸ್ವಿಚ್ಚಿನವುಗಳಲ್ಲಿ ಆಸ್ಟ್ರೇಲಿಯಾದ ಎಆರ್‌ಬಿಯ ಏರ್ ಲಾಕರ್ ಹೆಸರುವಾಸಿ, ಗಾಳಿಯ ಒತ್ತಡದಿಂದ ಬೀಳುತ್ತದೆ. ವಿದ್ಯುತ್ತಿನಿಂದ ಬೀಳುವ ಇ-ಲಾಕರ್‌ಗಳು ಕಂಪನಿಯಿಂದಲೇ ಬರುತ್ತವೆ. ಜೀಪ್ ರ‍್ಯಾಂಗ್ಲರ್ ರುಬಿಕಾನ್ 2003ರಿಂದಲೇ ಹಿಂದೆ ಮುಂದೆ ಎರಡಕ್ಕೂ ಲಾಕರ್ ಹಾಕಿಕೊಂಡು ಬಂತು. ಟೊಯೊಟಾ ಹೈಲಕ್ಸ್, ಫೋರ್ಡ್ ಎಫ್-150ರ ಹಲವು ಮಾದರಿಗಳಲ್ಲಿ ಹಿಂದಿನ ಲಾಕರ್ ಸಿಗುತ್ತದೆ. ಸ್ವಿಚ್ ಆಫ್ ಇದ್ದಾಗ ಇವುಗಳಲ್ಲಿ ಬಹುಪಾಲು ಪಕ್ಕಾ ಓಪನ್ ಡಿಫ್. ಇದನ್ನು ಜನ ಮರೆಯುತ್ತಾರೆ. ಮಳೆಯ ರಸ್ತೆಯಲ್ಲಿ ದಿನಾ ಓಡಾಡುವಾಗ, ಟ್ರೈಲರ್ ಎಳೆದುಕೊಂಡು ಒದ್ದೆ ಏರು ಹತ್ತುವಾಗ ಆ ದುಬಾರಿ ಲಾಕರ್ ನಿಮಗೆ ಏನೂ ಸಹಾಯ ಮಾಡುತ್ತಿರಲ್ಲ.

ತಾನಾಗಿ ಬೀಳುವುದರಲ್ಲಿ ಡೆಟ್ರಾಯ್ಟ್ ಲಾಕರ್ ಬಹಳ ಹಳೇ ಕುಳ. ಇದು ಮಾಮೂಲಾಗಿ ಲಾಕ್ ಆಗಿಯೇ ಇರುತ್ತದೆ, ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡೋಕೆ ಹೋದಾಗ ಅದನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಡುವಾಗ ಹಲ್ಲು ಹಲ್ಲು ದಾಟುವ ಟಕ್ ಟಕ್ ಶಬ್ದ ಕೇಳಿಸುತ್ತದೆ. ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಪಕ್ಕದವರು ಗಾಡಿ ಕೆಟ್ಟಿದೆ ಅಂತ ಬಂದು ಹೇಳುತ್ತಾರೆ, ನಗುತ್ತಾ ಥ್ಯಾಂಕ್ಸ್ ಹೇಳಿ ಹೋಗಬೇಕು. ಶಬ್ದ ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಬೇರೆ: ತಿರುವಿನ ಮಧ್ಯೆ ಆಕ್ಸಿಲರೇಟರ್ ಕೊಟ್ಟಾಗ ಶಕ್ತಿಯೆಲ್ಲ ಒಳಗಿನ ಚಕ್ರಕ್ಕೆ ಹೋಗಿರುತ್ತದೆ, ಕಾಲು ತೆಗೆದರೆ ಒಂದು ಜಗ್ಗು, ಮತ್ತೆ ಕೊಟ್ಟರೆ ಇನ್ನೊಂದು ಜಗ್ಗು. ಗಿಡ್ಡ ವೀಲ್‌ಬೇಸ್ ಗಾಡಿಯಲ್ಲಿ ಇದು ಜೋರಾಗಿ ಗೊತ್ತಾಗುತ್ತದೆ, ಉದ್ದನೆ ಪಿಕಪ್‌ನಲ್ಲಿ ಅಷ್ಟಿಲ್ಲ. ಗಟ್ಟಿತನದಲ್ಲಿ ಮಾತ್ರ ಇದಕ್ಕೆ ಹೆಸರಿಡೋಕೆ ಆಗಲ್ಲ. ವೈರಿಲ್ಲ, ಪೈಪಿಲ್ಲ, ಕಂಪ್ರೆಸರ್ ಇಲ್ಲ.

ಜನರಲ್ ಮೋಟಾರ್ಸ್ ಟ್ರಕ್ಕುಗಳಲ್ಲಿ 1973ರಿಂದ ಬಂದ ಈಟನ್ ಲಾಕರ್ ಇನ್ನೊಂದು ಥರ. ಎಡ ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತು ವ್ಯತ್ಯಾಸ ಬಂದರೆ ಒಳಗಿನ ಚಿಕ್ಕ ತೂಕಗಳು ಹೊರಗೆ ಹಾರಿ ಲಾಕ್ ಬೀಳಿಸುತ್ತವೆ. ಗಾಡಿ ಗಂಟೆಗೆ ಸುಮಾರು 30 ಕಿಲೋಮೀಟರ್ ದಾಟಿದ್ದರೆ ಬೀಳಲ್ಲ. ಡ್ರೈವರ್ ಏನೂ ಮಾಡಬೇಕಿಲ್ಲ, ಗೊತ್ತಿಲ್ಲದವರಿಗೂ ಕೆಲಸ ಮಾಡುತ್ತದೆ, ಅದೇ ಅದರ ಚೆಂದ. ಆದರೆ ಚಕ್ರ ಭರ್ರನೆ ತಿರುಗುತ್ತಿರುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರೆ ಲಾಕ್ ಬೀಳುವ ಏಟಿಗೆ ಒಳಗಿನದು ಚೂರಾಗಬಹುದು. ಅದನ್ನು ಬಳಸುವವರು ಗವ್-ಲಾಕ್ ಅನ್ನುವ ಅದರ ಹೆಸರನ್ನು ತಿರುಚಿ ಗವ್-ಬಾಂಬ್ ಅಂತ ಅಡ್ಡಹೆಸರು ಇಟ್ಟಿರೋದು ಸುಮ್ನೆ ಅಲ್ಲ.

ಕೇಸನ್ನು ಹಾಗೇ ಬಿಟ್ಟು ಒಳಗಿನ ಗೇರುಗಳನ್ನು ಮಾತ್ರ ತೆಗೆದು ಅದೇ ಜಾಗದಲ್ಲಿ ಕೂರಿಸುವ ಲಂಚ್‌ಬಾಕ್ಸ್ ಲಾಕರ್‌ಗಳೂ ಸಿಗುತ್ತವೆ. ಅಗ್ಗ, ಹಾಕೋದು ಸುಲಭ, ಆದರೆ ಹಳೇ ಕೇಸಿನ ಗಟ್ಟಿತನವೇ ಅದರ ಮಿತಿ. ಭಾರ ಹೊರುವ ಟ್ರಕ್ಕಿನ ಹಿಂದಿನ ಆಕ್ಸಲ್‌ಗೆ ನಾನಂತೂ ಹಾಕಿಸಲ್ಲ.

ಇಷ್ಟು ಓದಿ ಲಾಕರ್ರೇ ಸರಿ ಅಂತ ಅನ್ನಿಸಿದ್ದರೆ ಸ್ವಲ್ಪ ತಡೆಯಿರಿ. ಓಪನ್ ಡಿಫ್‌ಗೂ ಒಂದು ಒಳ್ಳೆ ಗುಣ ಇದೆ, ಅದನ್ನು ಯಾರೂ ಹೇಳಲ್ಲ. ಜಾರುವ ನೆಲದಲ್ಲಿ ಒಂದು ಚಕ್ರ ಸುಮ್ನೆ ತಿರುಗುತ್ತಿದ್ದರೂ ಇನ್ನೊಂದು ನಿಧಾನವಾಗಿ ಉರುಳುತ್ತಾ ಗಾಡಿಯ ಹಿಂಭಾಗವನ್ನು ಅಡ್ಡ ಜಾರದಂತೆ ಹಿಡಿದಿರುತ್ತದೆ. ಟೈರ್ ಒಂದು ಸಲ ತಿರುಗಿ ಜಾರೋಕೆ ಶುರು ಮಾಡಿತು ಅಂದರೆ ಅದರ ಪಕ್ಕದ ಹಿಡಿತವೂ ಬಹುಪಾಲು ಹೋಯಿತು. ಲಾಕರ್ ಹಾಕಿದಾಗ ಜಾರಿದರೆ ಎರಡೂ ಚಕ್ರ ಒಟ್ಟಿಗೆ ಜಾರುತ್ತವೆ. ಅಡ್ಡ ಇಳಿಜಾರಿನ ಒದ್ದೆ ಮಣ್ಣಿನ ದಾರಿಯಲ್ಲಿ ಹೋಗುವಾಗ ಇದನ್ನು ಒಂದು ಸಲ ನೋಡಿದರೆ ಮರೆಯಲ್ಲ. ಮೂತಿ ಮುಂದಕ್ಕೆ ನೋಡುತ್ತಿರುತ್ತದೆ, ಬಾಲ ಮೆಲ್ಲಗೆ ಕೆಳಗಡೆಗೆ ಇಳಿಯುತ್ತಾ ಇರುತ್ತದೆ, ಸ್ಟೀರಿಂಗ್ ಹಿಡಿದವನಿಗೆ ಮಾಡೋಕೆ ಏನೂ ಉಳಿದಿರಲ್ಲ. ಅಂಥ ಕಡೆ ಲಾಕ್ ತೆಗೆದು ಹೋಗುವುದೇ ಕ್ಷೇಮ. ಮಂಜುಗಡ್ಡೆಯ ರಸ್ತೆಗೂ ಇದೇ ಮಾತು. ತಾನಾಗಿ ಬೀಳುವ ಲಾಕರ್‌ನಲ್ಲಿ ತೆಗೆಯುವ ಸ್ವಿಚ್ಚೇ ಇರಲ್ಲ ಅನ್ನೋದು ನೆನಪಿರಲಿ. ಬಿಗಿ ಪ್ರಿಲೋಡಿನ ಕ್ಲಚ್ ಎಲ್‌ಎಸ್‌ಡಿಯೂ ಇಲ್ಲಿ ಸ್ವಲ್ಪ ಮಟ್ಟಿಗೆ ಇದೇ ಆಟ ಆಡುತ್ತದೆ.

ಎಲ್‌ಎಸ್‌ಡಿ ಹುಟ್ಟಿದ್ದೇ ಬೇರೆ ಕಷ್ಟಕ್ಕೆ. 1930ರ ದಶಕದಲ್ಲಿ ಪೋರ್ಷೆ ವಿನ್ಯಾಸ ಮಾಡಿದ ಆಟೋ ಯೂನಿಯನ್ ರೇಸ್ ಕಾರುಗಳಲ್ಲಿ ಶಕ್ತಿ ಎಷ್ಟಿತ್ತೆಂದರೆ ತಿರುವಿನಿಂದ ಹೊರಬರುವಾಗ ಹಗುರಾದ ಒಳ ಚಕ್ರ ಸುಮ್ನೆ ತಿರುಗಿ ಹೊಗೆ ಎಬ್ಬಿಸುತ್ತಿತ್ತು. ಅದಕ್ಕೆ ಜರ್ಮನಿಯ ಝಡ್‌ಎಫ್ ಮಾಡಿಕೊಟ್ಟಿದ್ದು ಲಿಮಿಟೆಡ್ ಸ್ಲಿಪ್. ಅಲ್ಲಿ ಚಕ್ರ ಹಗುರ ಆಗುತ್ತಿತ್ತು, ಆದರೆ ಗಾಳಿಯಲ್ಲಿ ನೇತಾಡುತ್ತಾ ನಿಲ್ಲುತ್ತಿರಲಿಲ್ಲ. ವೇಗದಲ್ಲಿ ಹೋಗುವಾಗ, ಎರಡೂ ಚಕ್ರ ನೆಲದಲ್ಲಿದ್ದು ಹಿಡಿತ ಮಾತ್ರ ಹೆಚ್ಚುಕಡಿಮೆ ಆಗುವಾಗ ಎಲ್‌ಎಸ್‌ಡಿಗೆ ಸಾಟಿ ಇಲ್ಲ. ಜಲ್ಲಿ ರಸ್ತೆ, ಒದ್ದೆ ಟಾರು, ಖಾಲಿ ಪಿಕಪ್‌ನ ಹಗುರ ಹಿಂಭಾಗ, ದೋಣಿ ಎಳೆದುಕೊಂಡು ಪಾಚಿ ಹಿಡಿದ ಇಳಿಜಾರು ಹತ್ತೋದು, ಇವೆಲ್ಲ ಅದರ ಕ್ಷೇತ್ರ. ಮುಂದಿನ ಆಕ್ಸಲ್‌ಗೂ ಗೇರ್ ಬಗೆಯ ಎಲ್‌ಎಸ್‌ಡಿ ಚೆನ್ನಾಗಿ ಹೊಂದುತ್ತದೆ, ಸ್ಟೀರಿಂಗ್ ಜೊತೆ ಜಗಳ ಆಡಲ್ಲ. ಫೋರ್ಡ್ ರ‍್ಯಾಪ್ಟರ್ 2012ರಲ್ಲಿ ಮುಂದೆ ಟಾರ್ಸೆನ್, ಹಿಂದೆ ಇ-ಲಾಕರ್ ಅಂತ ಜೋಡಿ ಮಾಡಿತು. ನನ್ನನ್ನು ಕೇಳಿದರೆ ಅದು ಬುದ್ಧಿವಂತರ ಜೋಡಿ. ಮುಂದೆ ಲಾಕರ್ ಹಾಕಿಕೊಂಡು ಸ್ಟೀರಿಂಗ್ ತಿರುಗಿಸೋಕೆ ಹೋದರೆ ಗಾಡಿ ನೇರಕ್ಕೇ ಹೋಗುತ್ತೇನೆ ಅಂತ ಹಟ ಹಿಡಿಯುತ್ತದೆ, ಮುಂದಿನ ಚಕ್ರ ತಿರುಗಿಸಿದಾಗಲೂ ಅದಕ್ಕೆ ಶಕ್ತಿ ದಾಟಿಸುವ ಸಿವಿ ಜಾಯಿಂಟ್ ಕೂಡ ಬೇಗ ಕೈಕೊಡುತ್ತದೆ.

ಆಕ್ಸಲ್ ಮುರಿಯುತ್ತದೆ ಅನ್ನುವ ಹೆದರಿಕೆಯ ಬಗ್ಗೆಯೂ ಲೆಕ್ಕ ಹಾಕೋಣ. 400 ನ್ಯೂಟನ್ ಮೀಟರ್ ಎಂಜಿನ್, ಮೊದಲ ಗೇರಿನ ರೇಷಿಯೋ 4, ಲೋ ರೇಂಜ್ (ಕಷ್ಟದ ದಾರಿಗೆ ಇರುವ ನಿಧಾನದ ಗೇರು) 2.5, ಕ್ರೌನ್ ಪಿನಿಯನ್ (ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರು) 4. ಎಲ್ಲಾ ಗುಣಿಸಿದರೆ 16,000. ಮುಂದಿನ ಆಕ್ಸಲ್ ಮರೆತುಬಿಡಿ. ಓಪನ್ ಡಿಫ್‌ನಲ್ಲಿ ಒಂದು ಶಾಫ್ಟಿಗೆ ಜಾಸ್ತಿ ಅಂದರೆ ಅದರ ಅರ್ಧ, 8,000. ಲಾಕರ್‌ನಲ್ಲಿ ಕಾಗದದ ಮೇಲೆ 16,000 ಪೂರ್ತಿ ಒಂದೇ ಶಾಫ್ಟಿಗೆ ಹೋಗಬಹುದು. ಕೇಳಿದರೆ ಭಯ ಆಗುತ್ತದೆ ಅಲ್ವಾ? ಆದರೆ ಟೈರ್ ಅದಕ್ಕಿಂತ ಎಷ್ಟೋ ಮೊದಲೇ ಜಾರುತ್ತದೆ. ಒಂದು ಚಕ್ರದ ಮೇಲೆ 800 ಕೆಜಿ ಭಾರ, ಒಣ ಗಟ್ಟಿ ನೆಲ, ಟೈರ್ ತ್ರಿಜ್ಯ 38 ಸೆಂಟಿಮೀಟರ್ ಅಂದರೆ ಸುಮಾರು 2,400ಕ್ಕೇ ಟೈರ್ ಕೈಬಿಡುತ್ತದೆ. ಹಿಂಭಾಗದ ಭಾರವೆಲ್ಲ ಒಂದೇ ಚಕ್ರದ ಮೇಲೆ ಬಿದ್ದರೂ ಅದರ ಎರಡರಷ್ಟು. ಮತ್ತೆ ಯಾವಾಗ ಮುರಿಯುತ್ತದೆ? ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಜಾರೋಕೂ ಜಾಗ ಇಲ್ಲದಾಗ. ಇಲ್ಲವೇ ಗಾಳಿಯಲ್ಲಿ ಜೋರಾಗಿ ತಿರುಗುತ್ತಿದ್ದ ಚಕ್ರ ಪಟ್ಟನೆ ನೆಲಕ್ಕೆ ಕಚ್ಚಿಕೊಂಡಾಗ. ಎರಡರಲ್ಲೂ ತಪ್ಪು ಬಲಗಾಲಿನದು. ಹಾಂ, ಟೈರ್ 35 ಇಂಚಿಗೆ ಏರಿಸಿದ್ದರೆ ಈ ಲೆಕ್ಕವೂ ಏರುತ್ತದೆ, ಆಗ ಗಟ್ಟಿ ಶಾಫ್ಟಿನ ಬಗ್ಗೆಯೂ ಯೋಚಿಸಿ.

ಕೊಳ್ಳುವ ಮುಂಚೆ ಈಗಿರೋದು ಏನು ಅಂತ ನೋಡಿಕೊಳ್ಳಿ. ಮುಂದಿನ ಚಕ್ರಗಳಿಗೆ ಗಟ್ಟಿ ಅಡ್ಡಗಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಸಾಮಾನ್ಯವಾಗಿ ಓಪನ್. ಅದೇ ಕಡೆ ತಿರುಗಿದರೆ ಒಳಗೆ ಏನೋ ಇದೆ. ಗೇರ್ ಬಗೆಯದ್ದು ಭಾರ ಇಲ್ಲದಾಗ ಓಪನ್ ಥರವೇ ತಿರುಗಬಹುದು, ಸವೆದ ಕ್ಲಚ್ ಬಗೆಯದ್ದೂ ಅಷ್ಟೇ, ಹಾಗಾಗಿ ಆಕ್ಸಲ್ ಮೇಲಿನ ಟ್ಯಾಗ್ ಕೋಡ್ ಕೂಡ ನೋಡಿ. ಇನ್ನೊಂದು ಎಚ್ಚರಿಕೆ: ಎಲ್‌ಎಸ್‌ಡಿ ಅಥವಾ ಲಾಕರ್ ಇರುವ ಗಾಡಿಯಲ್ಲಿ ಒಂದೇ ಹಿಂದಿನ ಚಕ್ರ ಜಾಕ್ ಮೇಲೆತ್ತಿ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಲೇಬೇಡಿ. ನೆಲದಲ್ಲಿರುವ ಚಕ್ರ ಗಾಡಿಯನ್ನು ಜಾಕ್‌ನಿಂದ ತಳ್ಳಿಕೊಂಡು ಹೋಗಿಬಿಡುತ್ತದೆ.

ಆರ್ಡರ್ ಮಾಡುವಾಗ ಆಕ್ಸಲ್ ಶಾಫ್ಟಿನ ತುದಿಯ ಹಲ್ಲುಗಳು, ಅಂದರೆ ಸ್ಪ್ಲೈನ್, ಎಷ್ಟು, ಕ್ರೌನ್ ಪಿನಿಯನ್ ರೇಷಿಯೋ ಎಷ್ಟು ಅಂತ ಎಣಿಸಿಯೇ ಹೇಳಿ. ಕೆಲವು ಆಕ್ಸಲ್‌ಗಳಲ್ಲಿ ರೇಷಿಯೋ ಬದಲಾದರೆ ಕೇಸೇ ಬೇರೆ ಬೇಕಾಗುತ್ತದೆ. ಕೂರಿಸುವವರು ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಗೇರು ಹಲ್ಲುಗಳ ನಡುವಿನ ಸಡಿಲ) ಅಳೆಯುತ್ತಾರಾ, ಕ್ರೌನ್ ಹಲ್ಲಿಗೆ ಬಣ್ಣ ಹಚ್ಚಿ ಗುರುತು ಎಲ್ಲಿ ಬೀಳುತ್ತದೆ ಅಂತ ನೋಡುತ್ತಾರಾ ಅಂತ ಮುಂಚೆಯೇ ಕೇಳಿ. ಕೈಯಲ್ಲಿ ಅಲ್ಲಾಡಿಸಿ ನೋಡಿ ಸರಿ ಇದೆ ಅನ್ನುವವರ ಹತ್ತಿರ ಬಿಡಬೇಡಿ. ಒಳ್ಳೆ ಲಾಕರ್ ಕೆಟ್ಟ ಕೈಗೆ ಸಿಕ್ಕರೆ ಕೆಲವೇ ದಿನದಲ್ಲಿ ಡಿಫ್ ಕೂಗೋಕೆ ಶುರು ಮಾಡುತ್ತದೆ, ಆ ಕೂಗು ಒಮ್ಮೆ ಬಂದರೆ ಹಲ್ಲು ಹಾಳಾಯಿತು ಅಂತಲೇ ಲೆಕ್ಕ.

ಎಣ್ಣೆಯ ವಿಷಯದಲ್ಲಿ ಜಿಪುಣತನ ಬೇಡ. ಕ್ಲಚ್ ಬಗೆಯ ಎಲ್‌ಎಸ್‌ಡಿಗೆ ಜಿಎಲ್-5 ಗೇರ್ ಎಣ್ಣೆಯ ಜೊತೆ ಪ್ಲೇಟುಗಳ ಉಜ್ಜಾಟವನ್ನು ಮೆತ್ತಗಾಗಿಸುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಬೇಕು, ಅಥವಾ ಅದು ಮೊದಲೇ ಬೆರೆತಿರುವ ಎಣ್ಣೆ ತರಬೇಕು. ನನ್ನ ಪರಿಚಯದವರೊಬ್ಬರ ಟ್ರಕ್ಕಿಗೆ ಒಬ್ಬ ಮೆಕ್ಯಾನಿಕ್ ಮಾಮೂಲಿ ಎಣ್ಣೆ ತುಂಬಿ ಕಳಿಸಿದ್ದ. ಗೇಟಿನೊಳಗೆ ನಿಧಾನಕ್ಕೆ ತಿರುಗಿಸುವಾಗ ಹಿಂದಿನಿಂದ ಗರಗರಗರ ಅಂತ ನಡುಕ, ಇಡೀ ಸೀಟು ಅದುರುತ್ತಿತ್ತು. ಅವರು ಬೇರಿಂಗ್ ಹೋಯಿತು ಅಂದುಕೊಂಡಿದ್ದರು. ಎಣ್ಣೆ ಬಸಿದು, ಸರಿಯಾದದ್ದು ತುಂಬಿ, ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಒಂದಿಷ್ಟು ಸುತ್ತು ಹಾಕಿದ ಮೇಲೆ ಪ್ಲೇಟುಗಳ ನಡುವೆ ಎಣ್ಣೆ ಇಳಿದು ಶಬ್ದ ನಿಂತಿತು. ಹಾಗಂತ ಮಾಡಿಫೈಯರ್ ಜಾಸ್ತಿ ಸುರಿದರೆ ಪ್ಲೇಟು ಹಿಡಿಯೋದನ್ನೇ ಬಿಡುತ್ತದೆ. ಗೇರ್ ಬಗೆಯದಕ್ಕೆ ಇದನ್ನು ಸೇರಿಸಬಾರದು, ಅದು ಬದುಕುವುದೇ ಉಜ್ಜಾಟದ ಮೇಲೆ.

ಹಾಗಾದರೆ ಯಾರಿಗೆ ಯಾವುದು? ವಾರವಿಡೀ ಟಾರು, ಆಗಾಗ ಜಲ್ಲಿ, ಮಳೆ, ಟ್ರೈಲರ್ ಎಳೆತ ಇದ್ದರೆ ಗೇರ್ ಬಗೆಯ ಎಲ್‌ಎಸ್‌ಡಿ ಹಾಕಿಸಿ ಮರೆತುಬಿಡಿ. ಬಂಡೆ, ಆಳದ ಕೊರಕಲು, ಕೊಚ್ಚಿಹೋದ ಕಾಡು ದಾರಿ ಇದ್ದರೆ ಹಿಂದೆ ಸ್ವಿಚ್ಚಿನ ಲಾಕರ್, ಬೇರೆ ಮಾತಿಲ್ಲ. ಎರಡೂ ಅರ್ಧಂಬರ್ಧ ಇದೆ ಅನ್ನುವವರೇ ಜಾಸ್ತಿ, ಅವರಿಗೂ ನಾನು ಸ್ವಿಚ್ಚಿನ ಲಾಕರ್ ಕಡೆಗೇ ವಾಲುತ್ತೇನೆ, ಗಾಡಿಯಲ್ಲಿ ಒಳ್ಳೆ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಮಾತ್ರ. ರಸ್ತೆಯ ಜಾರಾಟವನ್ನು ಅದು ನೋಡಿಕೊಳ್ಳುತ್ತದೆ. ಹಳೇ ಗಾಡಿ, ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಓಡೋದು ಜಾಸ್ತಿ ರಸ್ತೆಯಲ್ಲೇ ಅಂದರೆ ಎಲ್‌ಎಸ್‌ಡಿ. ಎರಡು ಹಿಂದಿನ ಆಕ್ಸಲ್ ಇರುವ ದೊಡ್ಡ ಲಾರಿಗಳಲ್ಲಿ ಆಕ್ಸಲ್‌ಗಳ ನಡುವಿನ ಡಿಫ್ ಲಾಕ್ ಬೇರೆಯೇ ಇರುತ್ತದೆ, ಅದನ್ನು ಚಕ್ರದ ಲಾಕ್ ಅಂದುಕೊಳ್ಳಬೇಡಿ.

ಲಾಕರ್ ಹಾಕಿಸಿದವರಿಗೆ ಬಳಸುವ ಕ್ರಮದ ಬಗ್ಗೆ ಒಂದು ಮಾತು. ಅಡಚಣೆಗೆ ಮುಂಚೆಯೇ ನಿಂತು ಸ್ವಿಚ್ ಒತ್ತಿ. ಒಳಗಿನ ಹಲ್ಲುಗಳು ಎದುರುಬದುರು ಕೂರೋಕೆ ಗಾಡಿ ಒಂದು ಚೂರು ಮುಂದಕ್ಕೋ ಹಿಂದಕ್ಕೋ ಉರುಳಬೇಕು, ಸ್ಟೀರಿಂಗ್ ಸ್ವಲ್ಪ ಆ ಕಡೆ ಈ ಕಡೆ ಆಡಿಸಿದರೆ ಬೇಗ ಬೀಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಲಾಕರ್ ದೀಪ ನೆಟ್ಟಗೆ ಉರಿದ ಮೇಲೆ ಹೊರಡಿ. ಚಕ್ರ ತಿರುಗುತ್ತಿರುವಾಗ ಮಧ್ಯದಲ್ಲಿ ಒತ್ತೋದು ಬೇಡ. ಹಲವು ಗಾಡಿಗಳಲ್ಲಿ ಲಾಕ್ ಬಿದ್ದಾಗ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಆಫ್ ಆಗುತ್ತವೆ, ಗಟ್ಟಿ ರಸ್ತೆಗೆ ಬಂದ ತಕ್ಷಣ ತೆಗೆಯಿರಿ. ತೆಗೆದರೂ ದೀಪ ಆರದಿದ್ದರೆ ಒಳಗೆ ಒತ್ತಡ ಕೂತಿದೆ ಅಂತ ಅರ್ಥ, ಒಂದೆರಡು ಮೀಟರ್ ರಿವರ್ಸ್ ಹೋದರೆ ಬಿಟ್ಟುಕೊಳ್ಳುತ್ತದೆ.

ಯಾವುದನ್ನೇ ಹಾಕಿಸಿ, ಅದಕ್ಕೂ ಮುಂಚೆ ಟೇಪ್ ತೆಗೆದುಕೊಂಡು ಹಿಂದಿನ ಎರಡೂ ಟೈರ್‌ಗಳ ಸುತ್ತಳತೆ ಅಳೆಯಿರಿ. ಒಂದು ಹೊಸದು, ಒಂದು ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ಕ್ಲಚ್ ಪ್ಲೇಟು ಹಗಲೂ ರಾತ್ರಿ ಉಜ್ಜಿಕೊಳ್ಳುತ್ತಲೇ ಇರುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದ್ದರೆ ಮೊದಲ ದುಡ್ಡು ಟೈರ್‌ಗೆ ಹಾಕಿ, ಡಿಫ್ ಆಮೇಲೆ ನೋಡೋಣ.